ಗೇರುಸೊಪ್ಪೆಯ ಅರಸಿಯೂ ವರಪರೀಕ್ಷೆಯೂ

ಹೆಣ್ಣುಮಗಳು ಮದುವೆಯ ವಯಸ್ಸಿಗೆ ಬಂದಳೆಂದರೆ ಮನೆಯ ಹಿರಿಯರು ವರನ ಕುಲವನ್ನು ವಿಚಾರಿಸುತ್ತಾರೆ, ಜಾತಕವನ್ನು ತರಿಸುತ್ತಾರೆ, ತೋಟಗದ್ದೆಗಳ ವಿಸ್ತಾರವನ್ನೋ ಸಂಬಳದ ಮೊತ್ತವನ್ನೋ ನೆಂಟರಿಷ್ಟರ ಬಾಯಿಂದ ತಿಳಿದುಕೊಳ್ಳುತ್ತಾರೆ. ಇವೆಲ್ಲ ಅನಗತ್ಯವೆಂದು ಹೇಳುವಂತಿಲ್ಲ. ಆದರೆ ಹೆಣ್ಣು ತನ್ನ ನಂಬಿಕೆಯನ್ನು ಒಪ್ಪಿಸಿದ ಮೇಲೆ ಆ ಪುರುಷನು ಅದನ್ನು ಹೇಗೆ ಕಾಪಾಡಿಯಾನು ಎಂಬ ಪ್ರಶ್ನೆ ಮಾತ್ರ ಈ ವಿಚಾರಣೆಯಲ್ಲಿ ಏಳುವುದೇ ಅಪರೂಪ. ಕುಮಟೆ, ಹೊನ್ನಾವರ, ಭಟ್ಕಳಗಳ ಕರಾವಳಿಯಲ್ಲಿ ಸುಮಾರು ನಾಲ್ಕು ಶತಮಾನಗಳ ಹಿಂದೆ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಅರಸಿಯೊಬ್ಬಳು ರಾಜ್ಯವನ್ನೇ ಕಳೆದುಕೊಂಡಳೆಂಬ ವೃತ್ತಾಂತವೊಂದಿದೆ. ಅದು ಎಷ್ಟರಮಟ್ಟಿಗೆ ನಿಜ, ಅದರಿಂದ ಈಗಿನ ಕನ್ಯೆಯರು ತಿಳಿಯತಕ್ಕದ್ದೇನು ಎಂಬುದನ್ನು ಪರಿಶೀಲಿಸುವುದು ಉಚಿತ.

ಈ ವೃತ್ತಾಂತವನ್ನು ಬರೆದಿಟ್ಟವನು ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮ್ ನಗರದ ಕುಲೀನ ಪ್ರವಾಸಿ. 1623ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿದಾಗ ಈತನೂ ಜೊತೆಯಲ್ಲಿ ಹೊರಟನು. ಹೊನ್ನಾವರದಲ್ಲಿ ಕೆಲವು ದಿನ ತಂಗಿ, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಹರಿವಿಗೆ ಎದುರಾಗಿ ಗೇರುಸೊಪ್ಪೆಯನ್ನು ಮುಟ್ಟಿ, ಘಟ್ಟವನ್ನು ಹತ್ತಿ ಇಕ್ಕೇರಿಗೆ ಹೋದನು. ದಾರಿಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಸ್ನೇಹಿತನಿಗೆ ಬರೆದ ಪತ್ರಗಳಲ್ಲಿ ವಿವರವಾಗಿ ದಾಖಲಿಸಿದನು. ಪರರ ದಾಂಪತ್ಯದ ಸುದ್ದಿಯನ್ನು ಇಷ್ಟು ಆಸ್ಥೆಯಿಂದ ಕೇಳಿ ಬರೆದ ಈ ಮನುಷ್ಯನ ಸ್ವಂತ ದಾಂಪತ್ಯವೂ ಅಸಾಮಾನ್ಯವಾದುದೇ. ಬಾಗ್ದಾದಿನಲ್ಲಿ ಮೆಚ್ಚಿ ಮದುವೆಯಾದ ಮಾಆನಿ ಎಂಬ ಪತ್ನಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಾಗ ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು, ತನ್ನ ಸಾಮಾನುಗಳೊಡನೆ ಭಾರತಕ್ಕೂ ತಂದು, ಕೊನೆಗೆ ರೋಮಿಗೆ ಒಯ್ದು ತನ್ನ ವಂಶದವರ ಸಮಾಧಿಯಲ್ಲಿ ಇರಿಸಿದನು. ಗಂಡಹೆಂಡಿರ ನಿಷ್ಠೆಯ ವಿಷಯದಲ್ಲಿ ಆತನ ಕಣ್ಣು ಸೂಕ್ಷ್ಮವಾಗಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಆತನು ಕಂಡ ಗೇರುಸೊಪ್ಪೆ ಪಾಳುಬಿದ್ದಿತ್ತು. ಹಿಂದೆ ರಾಜಧಾನಿಯಾಗಿದ್ದ ಊರಿನ ಮೇಲೆ ಕಾಡು ಬೆಳೆದು, ಬೇಸಾಯಗಾರರ ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದವು. ಈ ನಾಶಕ್ಕೆ ಕಾರಣವಾಗಿ ಆತನು ಕೇಳಿದ ಕಥೆ ಹೀಗಿದೆ. ಗೇರುಸೊಪ್ಪೆಯ ಕೊನೆಯ ಅರಸಿಯು ಹೊರನಾಡಿನ ಒಬ್ಬ ಸಾಮಾನ್ಯ ಮನುಷ್ಯನನ್ನು ಮೆಚ್ಚಿ ತನ್ನನ್ನೂ ತನ್ನ ರಾಜ್ಯವನ್ನೂ ಆತನ ಕೈಗೆ ಒಪ್ಪಿಸಿದಳು. ಆತನು ಉಪಕಾರವನ್ನು ನೆನೆಯುವುದರ ಬದಲು ಆಕೆಯ ಪ್ರಮುಖ ಸಾಮಂತರನ್ನು ಮೆಲ್ಲಮೆಲ್ಲನೆ ತನ್ನ ಕಡೆಗೆ ಒಲಿಸಿಕೊಂಡು, ರಾಜ್ಯವನ್ನೇ ಕಸಿದುಕೊಳ್ಳಲು ಹೊರಟು, ಕೆಲಕಾಲ ಅದರಲ್ಲಿ ಸಫಲನೂ ಆದನು. ಅರಸಿಯು ಪೋರ್ಚುಗೀಸರ ನೆರವನ್ನು ಬೇಡಿದಳು. ಅವರು ತಡವಾಗಿ, ಅದೂ ಅರೆಮನಸ್ಸಿನಿಂದ ಬಂದರು. ದ್ರೋಹಿಯು ನೆರೆಯ ವೆಂಕಟಪ್ಪನಾಯಕನನ್ನು ಕರೆದನು. ನಾಯಕನು ಮಿಂಚಿನಂತೆ ಬಂದು ಇಬ್ಬರ ಕೈಯಿಂದಲೂ ರಾಜ್ಯವನ್ನು ತೆಗೆದುಕೊಂಡನು. ಅರಸಿಯನ್ನು ಸೆರೆಹಿಡಿದು ತನ್ನ ರಾಜಧಾನಿಗೆ ಒಯ್ದು ಗೌರವದಿಂದ ಇರಿಸಿಕೊಂಡನು. ಆಕೆ ಅಲ್ಲಿಯೇ ಕಾಲವಾದಳು. ದ್ರೋಹಿಯನ್ನು ಕೊಲ್ಲಿಸಿ, ಗೇರುಸೊಪ್ಪೆಯ ಅರಮನೆಯನ್ನೂ ಪಟ್ಟಣವನ್ನೂ ಕೆಡವಿಸಿದನು.

ಈ ಅರಸಿ ಯಾರು? ಪ್ರವಾಸಿಯು ಆಕೆಯ ಹೆಸರನ್ನು ಹೇಳುವುದಿಲ್ಲ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿಯೆಂದು ಕರೆಯುತ್ತಿದ್ದರೆಂದು ಮಾತ್ರ ತಿಳಿಸುತ್ತಾನೆ. ಈಗ ಸಾಮಾನ್ಯವಾಗಿ ಆಕೆಯನ್ನು ಚೆನ್ನಭೈರಾದೇವಿ ಎಂದು ಗುರುತಿಸುತ್ತಾರೆ. ಭಟ್ಕಳ ತಾಲೂಕಿನ ಹಾಡುವಳ್ಳಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆ ಇವೆರಡನ್ನೂ ಆಳಿದ ಸಾಳ್ವ ವಂಶದ ಈ ಜೈನ ಅರಸಿಯ ಹೆಸರು ಕುಮಟೆಯ ಹತ್ತಿರದ ಮಿರ್ಜಾನ ಕೋಟೆಯೊಡನೆಯೂ ಸೇರಿಕೊಂಡಿದೆ. ಆಕೆಯ ಆಳಿಕೆ 1552ರಿಂದ 1606ರವರೆಗೆ ಐವತ್ತನಾಲ್ಕು ವರ್ಷ ನಡೆಯಿತೆಂದು ಹೇಳುವುದು ರೂಢಿ. ಈ ಗಣನೆಯನ್ನು ಒಪ್ಪುವುದಾದರೆ ಪ್ರವಾಸಿಯ ಕಥೆಯನ್ನು ಇದ್ದಂತೆ ನಂಬುವುದು ಕಷ್ಟವಾಗುತ್ತದೆ. ಎಳವೆಯಲ್ಲಿಯೇ ಪಟ್ಟವೇರಿದಳೆಂದರೂ ಪತನದ ಕಾಲಕ್ಕೆ ಆಕೆಗೆ ಅರವತ್ತರ ಸಮೀಪವಾಗಿರಬೇಕು. 1569ರ ಸುಮಾರಿಗೆ ಹೊನ್ನಾವರದ ಕೋಟೆಯನ್ನು ಹಿಡಿದ ಪೋರ್ಚುಗೀಸರ ಎದುರಿನಲ್ಲಿಯೇ ದಶಕಗಳ ಕಾಲ ಮೆಣಸಿನ ವ್ಯಾಪಾರವನ್ನು ನಡೆಸಿ ರಾಜ್ಯವನ್ನು ಉಳಿಸಿಕೊಂಡ ಮುತ್ಸದ್ದಿಯು ಮುಪ್ಪಿನಲ್ಲಿ ಒಬ್ಬ ಅಪರಿಚಿತನಿಗೆ ಸರ್ವಸ್ವವನ್ನೂ ಒಪ್ಪಿಸಿದಳೆಂಬುದು ಸುಲಭವಾಗಿ ಒಪ್ಪತಕ್ಕ ಮಾತಲ್ಲ. ಮೆಚ್ಚುಗೆ ಮೊದಲೇ ಆಗಿ ದ್ರೋಹ ಬಹುಕಾಲದ ಮೇಲೆ ಹೊರಬಿದ್ದಿರಬಹುದು; ಇಲ್ಲವೆ ಬೇರೊಬ್ಬ ಅರಸಿಯ ಕಥೆ ಈಕೆಗೆ ಅಂಟಿಕೊಂಡಿರಬಹುದು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಪ್ರವಾಸಿಯು ಈ ಕಥೆಯನ್ನು ಕೇಳಿದ್ದು ಗೆದ್ದವನ ಆಳಿಕೆಯ ನಾಡಿನಲ್ಲಿ, ಗೆದ್ದವನ ಆಸ್ಥಾನಕ್ಕೆ ಹೋಗುವ ದಾರಿಯಲ್ಲಿ. ರಾಜ್ಯವೊಂದು ಮುರಿದಾಗ ಗೆದ್ದವನ ಆಸೆಯನ್ನು ಹೇಳುವುದಕ್ಕಿಂತ ಸೋತವಳ ಮೋಹವನ್ನು ಹೇಳುವುದು ಜನರಿಗೆ ಸುಲಭ. ಸೋತವನು ಗಂಡಸಾಗಿದ್ದರೆ ಸೈನ್ಯ ಸಾಲದಾಯಿತೆನ್ನುತ್ತಿದ್ದರು. ವೆಂಕಟಪ್ಪನಾಯಕನು ಲಿಂಗವಂತ ದೊರೆಯಾಗಿದ್ದನೆಂಬ ಕಾರಣಕ್ಕಾಗಿ ಈ ವಿಮರ್ಶೆಯನ್ನು ಬಿಡುವುದು ಯುಕ್ತವಲ್ಲ. ಮೆಣಸು ಬೆಳೆಯುವ ನಾಡು, ಅದು ಕಡಲಿಗೆ ಇಳಿಯುವ ಹೊಳೆ ಇವೆರಡೂ ಆತನಿಗೆ ಬೇಕಾಗಿದ್ದುವೆಂಬುದು ಸ್ಪಷ್ಟ.

ಹಾಗಿದ್ದರೂ ಈ ಕಥೆಯನ್ನು ತಳ್ಳಿಹಾಕಬೇಕಾದುದಿಲ್ಲ. ಏಕೆಂದರೆ ಅದನ್ನು ಹೇಳಿದ ಜನ ಅರಸಿಯ ತಪ್ಪನ್ನು ಎಲ್ಲಿ ಕಂಡರೆಂಬುದೇ ವಿಚಾರಾರ್ಹವಾಗಿದೆ. ಆ ಕಾಲದ ಅರಸಿಯರು ತಮ್ಮ ಪುರುಷನನ್ನು ತಾವೇ ಆರಿಸಿಕೊಳ್ಳುವುದು ಆ ನಾಡಿನಲ್ಲಿ ಬಹಿರಂಗವಾದ ರೂಢಿಯಾಗಿದ್ದು, ಅದನ್ನು ಯಾರೂ ದೋಷವೆಂದು ಎಣಿಸುತ್ತಿರಲಿಲ್ಲವೆಂದೂ, ಕೀಳು ಕುಲದವನನ್ನು ಆರಿಸಿದಳೆಂಬುದಷ್ಟೇ ಜನರ ನಿಂದೆಗೆ ಕಾರಣವಾಯಿತೆಂದೂ ಪ್ರವಾಸಿಯು ಬರೆಯುತ್ತಾನೆ. ಆತನ ಸ್ವಂತ ತೀರ್ಪೂ ಅದೇ: ರಕ್ತ ಕೀಳು, ಆದುದರಿಂದ ಬುದ್ಧಿಯೂ ಕೀಳು.

ಈ ತೀರ್ಪು ಎರಡು ಕಡೆಗಳಲ್ಲಿ ತಪ್ಪುತ್ತದೆ. ಮೊದಲನೆಯದಾಗಿ, ಗೇರುಸೊಪ್ಪೆಯ ಮನೆತನದಲ್ಲಿದ್ದುದು ಅಳಿಯಸಂತಾನದ ಪದ್ಧತಿ. ಅಲ್ಲಿ ಪಟ್ಟವು ತಂದೆಯಿಂದ ಮಗನಿಗೆ ಹೋಗದೆ ಸೋದರಿಯ ಸಂತಾನಕ್ಕೆ ಸಲ್ಲುತ್ತದೆ. ಹೆಣ್ಣು ಹುಟ್ಟಿದ ಮನೆಯಲ್ಲಿಯೇ ಉಳಿಯುತ್ತಾಳೆ. ಗಂಡನಾದವನಿಗೆ ಆಕೆಯ ಮನೆತನದ ಸ್ವತ್ತಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಗಂಡನು ಒಳ್ಳೆಯವನಾದರೆ ಸಂತೋಷ, ಕೆಟ್ಟವನಾದರೆ ಮನೆಯ ಅಡಿಪಾಯವಂತೂ ಅಲುಗದು ಎಂಬ ಮುಂದಾಲೋಚನೆ ಆ ಪದ್ಧತಿಯಲ್ಲಿದೆ. ಕಥೆಯು ನಿಜವಾಗಿದ್ದರೆ ಅರಸಿಯು ತಪ್ಪಿದ್ದು ಮೆಚ್ಚಿದುದರಲ್ಲಿ ಅಲ್ಲ, ತನ್ನ ಮನೆತನವೇ ಕಟ್ಟಿದ್ದ ಈ ಬೇಲಿಯನ್ನು ತಾನೇ ಕಿತ್ತದ್ದರಲ್ಲಿ. ಒಲವನ್ನು ಕೊಟ್ಟದ್ದು ಒಂದು. ಮುದ್ರೆಯುಂಗುರವನ್ನೂ ಬೊಕ್ಕಸದ ಬೀಗದ ಕೈಯನ್ನೂ ಅದೇ ಕೈಯಿಂದ ಕೊಟ್ಟದ್ದು ಇನ್ನೊಂದು. ಆ ಪುರುಷನ ಲಕ್ಷಣವು ಹುಟ್ಟಿನಲ್ಲಿ ಕಾಣುವಂಥದಾಗಿರಲಿಲ್ಲ. ಆಕೆಯ ಬೆನ್ನ ಹಿಂದೆ ಆಕೆಯ ಸಾಮಂತರೊಡನೆ ಸಖ್ಯವನ್ನು ಬೆಳೆಸುತ್ತಿದ್ದ ನಡತೆಯಲ್ಲಿ ಅದು ಕಾಣಬೇಕಾಗಿತ್ತು. ಹೆಂಡತಿಯ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಆಕೆಯಿಂದ ದೂರಮಾಡಿ ತನ್ನವರನ್ನಾಗಿ ಮಾಡಿಕೊಳ್ಳುವ ಗಂಡಂದಿರು ಅರಮನೆಯಲ್ಲಷ್ಟೇ ಇರುತ್ತಾರೆಂದು ತಿಳಿಯಬೇಕಾಗಿಲ್ಲ.

ಎರಡನೆಯ ತಪ್ಪನ್ನು ತೋರಿಸುವುದಕ್ಕೆ ಅದೇ ಪ್ರವಾಸಿಯ ಅದೇ ವರ್ಷದ ಪತ್ರಗಳೇ ಸಾಕು. ಇಕ್ಕೇರಿಯಿಂದ ಹೊರಟು ಮಂಗಳೂರಿನ ಕಡೆಗೆ ಇಳಿದ ಆತನು ಉಳ್ಳಾಲದ ಅರಸಿ ಅಬ್ಬಕ್ಕನನ್ನು ಕಂಡನು. ಆಕೆಯ ಗಂಡನಾದ ಬಂಗರಸನು ಕುಲದಲ್ಲಿ ಸಮಾನ, ನೆರೆಯ ಸೀಮೆಯ ಒಡೆಯ, ಯಾರೂ ಬೆರಳು ತೋರಿಸಲಾಗದ ನೆಂಟಸ್ತಿಕೆ. ಗಂಡಹೆಂಡಿರು ತಮ್ಮತಮ್ಮ ಸೀಮೆಗಳನ್ನು ಆಳಿಕೊಂಡು ಬೇರೆಬೇರೆಯಾಗಿಯೇ ಇರುತ್ತಿದ್ದರು. ಇಷ್ಟಿದ್ದೂ ಸಂಬಂಧ ಕೆಟ್ಟಿತು. ಆಕೆ ಹೆಂಡತಿಯಾಗಿ ಪಡೆದಿದ್ದ ಒಡವೆ ವಸ್ತುಗಳನ್ನೆಲ್ಲ ಹಿಂದಕ್ಕೆ ಕಳುಹಿಸಿ ತಾನು ಇನ್ನು ಆತನ ಹೆಂಡತಿಯಲ್ಲವೆಂದು ತಿಳಿಸಿದಳು. ಆತನು ಸಿಟ್ಟಿಗೆದ್ದು, ಹೊಳೆಯಲ್ಲಿ ದೋಣಿಯ ಮೇಲೆ ಹೋಗುತ್ತಿದ್ದ ಆಕೆಯನ್ನು ಉಪಾಯದಿಂದ ಸೆರೆಹಿಡಿದನು. ಮಾತಿನ ಚಾತುರ್ಯದಿಂದ ಬಿಡುಗಡೆ ಪಡೆದ ಅಬ್ಬಕ್ಕ ಕೂಡಲೇ ದಂಡನ್ನು ಕೂಡಿಸಿದಳು. ಆತನು ಪೋರ್ಚುಗೀಸರನ್ನು ಕರೆದನು. ಆಕೆ ವೆಂಕಟಪ್ಪನಾಯಕನನ್ನು ಕರೆದಳು. ಗೆಲುವು ಆಕೆಯ ಪಕ್ಷಕ್ಕಾಯಿತು.

ಕುಲ ಸರಿಯಿದ್ದ ಮಾತ್ರಕ್ಕೆ ಗಂಡನು ಸರಿಯಾಗಲಿಲ್ಲ. ಆದರೆ ಉಳ್ಳಾಲಕ್ಕೂ ಗೇರುಸೊಪ್ಪೆಗೂ ಇರುವ ಅಂತರವನ್ನು ನೋಡಬೇಕು. ಅಬ್ಬಕ್ಕನು ಗಂಡನಿಂದ ಪಡೆದುದನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳುವ ಸ್ಥಿತಿಯಲ್ಲಿದ್ದಳು, ಏಕೆಂದರೆ ತನ್ನದನ್ನು ಆತನಿಗೆ ಕೊಟ್ಟಿರಲಿಲ್ಲ. ಪ್ರವಾಸಿಯು ಕಂಡಾಗ ಆಕೆ ಬರಿಗಾಲಿನಲ್ಲಿ, ಬಿಸಿಲಿನಲ್ಲಿ ನಿಂತು ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಳು. ಉಡಿಗೆಯನ್ನು ನೋಡಿದರೆ ಅಡಿಗೆಯವಳೆಂದುಕೊಳ್ಳಬೇಕು, ಮಾತನ್ನು ಕೇಳಿದರೆ ಅರಸಿಯೆಂದು ತಿಳಿಯುತ್ತದೆ ಎಂಬರ್ಥದಲ್ಲಿ ಆತನು ಬರೆದಿದ್ದಾನೆ.

ಎರಡೂ ಕಥೆಗಳಲ್ಲಿ ನ್ಯಾಯಾಧೀಶನಂತೆ ಬಂದು ನಿಲ್ಲುವ ವೆಂಕಟಪ್ಪನಾಯಕನ ಮನೆಯೊಳಗೇ ಮೂರನೆಯ ಕಥೆ ಇತ್ತು. ವೀರಶೈವ ವಾಚಕರಿಗೆ ಇದು ವಿಶೇಷವಾಗಿ ಗಮನಾರ್ಹ. ನಾಯಕನ ಹಿರಿಯ ರಾಣಿ ಭದ್ರಮ್ಮ ಲಿಂಗವಂತ ಮನೆತನದ ಹೆಣ್ಣು. ನಾಯಕನಿಗೆ ಆಕೆಯಲ್ಲಿ ಬಹಳ ಪ್ರೀತಿ, ಗೌರವ. ಆದರೆ ಆತನು ಕೋಟೆಯೊಂದರಲ್ಲಿ ಅನ್ಯಮತದ ಸ್ತ್ರೀಯೊಬ್ಬಳನ್ನು ಗುಟ್ಟಾಗಿ ಇರಿಸಿಕೊಂಡಿದ್ದುದು ರಾಣಿಗೆ ತಿಳಿಯಿತು. ಆಕೆ ಕೂಗಾಡಲಿಲ್ಲ, ತವರಿಗೂ ಹೋಗಲಿಲ್ಲ. ಆಚಾರ ಕೆಡಿಸಿಕೊಂಡವನೊಡನೆ ತನಗೆ ಇನ್ನು ದಾಂಪತ್ಯವಿಲ್ಲವೆಂದೂ, ಅಂದಿನಿಂದ ತಾನು ಆತನಿಗೆ ಮಗಳ ಸಮಾನಳೆಂದೂ ಆಣೆಯಿಟ್ಟು ನುಡಿದಳು. ನಾಯಕನು ಪರಿಹಾರ ಮಾಡಿಕೊಳ್ಳುವುದಾಗಿ, ಎಷ್ಟು ದ್ರವ್ಯ ಬೇಕಾದರೂ ವ್ಯಯಿಸುವುದಾಗಿ ಬೇಡಿಕೊಂಡರೂ ಆಕೆ ಆಣೆಯಿಂದ ಕದಲಲಿಲ್ಲ. ಆಕೆಯ ಪದವಿಗಾಗಲಿ ಮನ್ನಣೆಗಾಗಲಿ ಕುಂದು ಬರಲಿಲ್ಲವೆಂಬುದನ್ನೂ ಪ್ರವಾಸಿಯು ಹೇಳುತ್ತಾನೆ. ಘಟ್ಟದ ಮೇಲಿನಿಂದ ಕಡಲಿನವರೆಗೆ ಅರಸುಗಳನ್ನು ನಡುಗಿಸಿದ ದೊರೆ ತನ್ನ ಹೆಂಡತಿಯ ಒಂದು ಮಾತನ್ನು ತಿರುಗಿಸಲಾರದೆ ಹೋದನು. ಆಚಾರವೆಂಬುದು ಹೆಣ್ಣಿಗೆ ಮಾತ್ರ ಹಾಕಿದ ಕಟ್ಟಲ್ಲವೆಂಬುದನ್ನು ಈ ರಾಣಿ ಅರಮನೆಯೊಳಗೆ ಸ್ಥಾಪಿಸಿದಳು. ಆಕೆಯ ಹೆಸರಿಗೆ ಇರಬೇಕಾದಷ್ಟು ಪ್ರಸಿದ್ಧಿ ನಮ್ಮಲ್ಲಿ ಇಲ್ಲ.

ಭದ್ರಮ್ಮನ ಈ ನಿಲುವು ಎಲ್ಲಿಂದಲೋ ಉದುರಿದುದಲ್ಲ. ಅದಕ್ಕೆ ನಾಲ್ಕೂವರೆ ಶತಮಾನಗಳ ಹಿಂದೆ, ಇಕ್ಕೇರಿಗೆ ಬಹು ದೂರವಲ್ಲದ ಉಡುತಡಿಯಲ್ಲಿ ಮಹಾದೇವಿಯಕ್ಕನು ತನ್ನನ್ನು ಬಯಸಿದ ಅರಸ ಕೌಶಿಕನಿಗೆ ಹಾಕಿದ ನಿಬಂಧನೆಗಳು ವೀರಶೈವ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದುವು. ಹರಿಹರನ ರಗಳೆಯ ಪ್ರಕಾರ, ತಾನು ಇಷ್ಟಬಂದಂತೆ ಶಿವಪೂಜೆಯಲ್ಲಿಯೂ ಮಾಹೇಶ್ವರರ ಗೋಷ್ಠಿಯಲ್ಲಿಯೂ ಗುರುಸೇವೆಯಲ್ಲಿಯೂ ಇರಲು ಅಡ್ಡಿಪಡಿಸಬಾರದೆಂದೂ, ಮೂರು ತಪ್ಪುಗಳವರೆಗೆ ಸೈರಿಸುವೆನೆಂದೂ ಮದುವೆಗೆ ಮುಂಚೆಯೇ ಆಕೆ ಹೇಳಿದಳು. ಕೌಶಿಕನು ಒಪ್ಪಿದನು, ಮೂರು ಸಲ ತಪ್ಪಿದನು, ಆಕೆ ಹೊರಟುಹೋದಳು. ಮದುವೆ ನಡೆಯಲೇ ಇಲ್ಲವೆಂಬ ಪರಂಪರೆಯೂ ಇದೆ. ವಿದ್ವಾಂಸರು ಈ ಬಗ್ಗೆ ಬಹಳ ವಾದಿಸಿದ್ದಾರೆ. ನಡೆಯಿತೋ ಇಲ್ಲವೋ, ಹದಿಮೂರನೆಯ ಶತಮಾನದ ಸುಮಾರಿನ ಕನ್ನಡ ಕವಿಯೊಬ್ಬನು ಹೆಣ್ಣೊಬ್ಬಳ ಬಾಯಲ್ಲಿ ಮದುವೆಗೆ ಮೊದಲೇ ಷರತ್ತುಗಳನ್ನು ಇಟ್ಟು, ಅವು ಮುರಿದಾಗ ಆಕೆ ಮನೆಬಿಟ್ಟುದನ್ನು ತಪ್ಪೆನ್ನದೆ ಹಾಡಿದನೆಂಬುದು ಸಣ್ಣ ಮಾತಲ್ಲ. ಅಕ್ಕನ ಕಥೆಯನ್ನು ವೈರಾಗ್ಯದ ದೃಷ್ಟಿಯಿಂದ ಮಾತ್ರ ಪಾಠ ಹೇಳುವುದು ವಾಡಿಕೆ. ಷರತ್ತುಗಳ ಭಾಗವನ್ನು ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಓದಿ ಹೇಳಿದರೆ ಹೆಚ್ಚು ಉಪಯೋಗವಾದೀತು. ಕೊಟ್ಟ ಮಾತನ್ನು ಸಣ್ಣ ವಿಷಯದಲ್ಲಿ ಮುರಿಯುವವನು ದೊಡ್ಡ ವಿಷಯದಲ್ಲಿ ಉಳಿಸಿಕೊಳ್ಳುವುದಿಲ್ಲವೆಂಬುದು ಅದರಲ್ಲಿ ಲೆಕ್ಕಹಾಕಿದಂತೆ ಕಾಣುತ್ತದೆ.

ಕುಲವನ್ನೇ ಪ್ರಮಾಣವಾಗಿ ಹಿಡಿಯುವ ಪ್ರವಾಸಿಯ ದೃಷ್ಟಿಗೂ ಶರಣರ ದೃಷ್ಟಿಗೂ ಹೊಂದಿಕೆಯಿಲ್ಲ. ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟ ಸಂಬಂಧ ಕಲ್ಯಾಣದಲ್ಲಿ ಎಂತಹ ಕೋಲಾಹಲವನ್ನು ಎಬ್ಬಿಸಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿ ವರನನ್ನು ಅಳೆದದ್ದು ಲಿಂಗನಿಷ್ಠೆಯಿಂದ, ಕಾಯಕದಿಂದ. ಗಂಡನನ್ನು ಅಳೆಯುವ ಇನ್ನೊಂದು ಕೋಲು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗದಲ್ಲಿ ದೊರೆಯುತ್ತದೆ. ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮನು ತಡೆದು, ಹೆಚ್ಚಿನದನ್ನು ಬಿದ್ದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆತನು ಸುರಿದು ಬಂದನು. ಈ ಪ್ರಸಂಗದಲ್ಲಿ ಲಕ್ಕಮ್ಮನನ್ನು ಎಲ್ಲರೂ ಹೊಗಳುತ್ತಾರೆ, ಮಾರಯ್ಯನನ್ನು ಮರೆಯುತ್ತಾರೆ. ತಪ್ಪನ್ನು ತೋರಿಸಿದಾಗ ಸಿಟ್ಟಾಗದೆ ತಿದ್ದಿಕೊಂಡ ಗಂಡನವನು. ವರನನ್ನು ನೋಡಲು ಬಂದ ಕನ್ಯೆಯು ಆತನ ಒಂದು ಮಾತಿಗೆ ವಿನಯದಿಂದಲೇ ಭಿನ್ನಾಭಿಪ್ರಾಯವನ್ನು ಸೂಚಿಸಿ, ಆತನ ಮುಖವನ್ನು ನೋಡುವುದು ಯಾವ ಜಾತಕಕ್ಕೂ ಕಡಿಮೆಯಾದ ಪರೀಕ್ಷೆಯಲ್ಲ.

ಎಚ್ಚರದಿಂದ ಆರಿಸಿದರೂ ಕೆಲವೊಮ್ಮೆ ಗಂಡನು ಆಮೇಲೆ ಕೆಡುತ್ತಾನೆ. ಕೆಳದಿಯ ಚೆನ್ನಮ್ಮನ ಬಾಳು ಹಾಗಾಯಿತು. ವರ್ತಕ ಸಿದ್ದಪ್ಪಶೆಟ್ಟರ ಮಗಳಾದ ಆಕೆಯನ್ನು ದೊರೆ ಸೋಮಶೇಖರನಾಯಕನು ತಾನಾಗಿ ಮೆಚ್ಚಿ, ಹಿರಿಯರ ಸಮ್ಮತಿಯಿಂದ ವರಿಸಿದನು. ಆರಂಭದ ಬಾಳು ಸೊಗಸಾಗಿತ್ತು. ಮುಂದೆ ದೊರೆಯು ಕಲಾವತಿಯೆಂಬ ನರ್ತಕಿಯ ಮೋಹಕ್ಕೂ ಆಕೆಯ ಬಳಗದವರ ವಶಕ್ಕೂ ಸಿಕ್ಕಿ, ಆರೋಗ್ಯವನ್ನೂ ಅಧಿಕಾರವನ್ನೂ ಕಳೆದುಕೊಂಡು, 1671ರ ಸುಮಾರಿಗೆ ಕೊಲೆಯಾದನೆಂದು ಪರಂಪರೆಯ ಕಥನವಿದೆ. ಗೇರುಸೊಪ್ಪೆಯಲ್ಲಿ ಅರಸಿಗೆ ಹೇಳಿದ ಕಥೆ ಇಲ್ಲಿ ಅರಸನದಾಯಿತು. ಆದರೆ ಈ ಸಲ ರಾಜ್ಯ ಮುಳುಗಲಿಲ್ಲ. ಗಂಡನು ಬದುಕಿದ್ದಾಗಲೇ ರಾಜಕಾರಣವನ್ನು ಅರಿತುಕೊಂಡಿದ್ದ ಚೆನ್ನಮ್ಮ ಪಟ್ಟವನ್ನೇರಿ, ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡು, 1697ರವರೆಗೆ ಆಳಿದಳು. ಹೊನ್ನಾವರ ಭಟ್ಕಳಗಳ ಕರಾವಳಿಯೂ ಆಗ ಕೆಳದಿಯದೇ. ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಈಕೆಯೇ. ಗಂಡನ ಆಯ್ಕೆಯಲ್ಲಿ ಆಕೆಯ ತಪ್ಪೇನೂ ಇರಲಿಲ್ಲ. ಆದರೆ ಆಯ್ಕೆಯೊಂದನ್ನೇ ನಂಬಿ ಕುಳಿತವಳಾಗಿದ್ದರೆ ಗೇರುಸೊಪ್ಪೆಯ ಗತಿಯೇ ಇಕ್ಕೇರಿಗೂ ಬರುತ್ತಿತ್ತು.

ಅಳಿಯಸಂತಾನದ ಬೇಲಿ ಈಗಿನ ಬಹುಪಾಲು ಮನೆಗಳಲ್ಲಿಲ್ಲ. ಅದರ ಸ್ಥಾನದಲ್ಲಿ ಕಾನೂನು ಒಂದಿಷ್ಟು ಬೇಲಿಯನ್ನು ಹಾಕಿದೆ. ವರದಕ್ಷಿಣೆಯನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ 1961ರ ಕಾಯಿದೆ ನಿಷೇಧಿಸಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲೆಂದು ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ ಕಾನೂನು ಮಾಡಿಕೊಂಡವು. ಆದರೆ ಮದುವೆಯ ಖರ್ಚಿನ ನೆಪದಲ್ಲಿ ಪಾಲನ್ನು ಬಿಟ್ಟುಕೊಡುವ ಪತ್ರಕ್ಕೆ ಮಗಳ ಸಹಿಯನ್ನು ಹಾಕಿಸುವ ತಂದೆಯರೂ, ಮದುವೆಯಾದ ವರ್ಷದಲ್ಲಿಯೇ ಹೆಂಡತಿಯ ಒಡವೆಗಳನ್ನು ಒತ್ತೆಯಿಡುವ ಗಂಡಂದಿರೂ ಇದ್ದಾರೆ. ಓದು, ದುಡಿಮೆ, ಹೆಸರಿನಲ್ಲಿರುವ ಪಾಲು, ತನ್ನ ಕೈಯಲ್ಲಿಯೇ ಇರುವ ಒಡವೆ ಇವುಗಳನ್ನು ಉಳಿಸಿಕೊಂಡ ಹೆಣ್ಣು ಗಂಡನಲ್ಲಿ ಅವಿಶ್ವಾಸ ತೋರಿಸಿದಳೆಂದು ಯಾರೂ ತಿಳಿಯಬೇಕಾದುದಿಲ್ಲ. ಒಳ್ಳೆಯ ವರನು ಅವನ್ನು ಕೇಳುವುದೇ ಇಲ್ಲ. ಕೇಳುವವನು ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿದರೆ ಅದೊಂದು ಉಪಕಾರವೆಂದೇ ಎಣಿಸಿ ಸಂಬಂಧವನ್ನು ಬಿಡಬಹುದು.

ಗೇರುಸೊಪ್ಪೆಯ ಹಳೆಯ ಪಟ್ಟಣದ ಜಾಗವನ್ನು ನಗರಬಸ್ತಿಕೇರಿಯೆಂದು ಕರೆಯುತ್ತಾರೆ. ಶರಾವತಿಯ ದಡದ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಅಲ್ಲಿ ಇಂದಿಗೂ ನಿಂತಿದೆ. ಅರಸಿಯ ಅರಮನೆ ಉಳಿದಿಲ್ಲ.